'ನಾಳೆ ಬಾ' ಎನ್ನುವ ಮನೆ

ನಮ್ಮ ನಾಡಿನ ಊರುಗಳಲ್ಲಿ ಕೆಲವು ಮನೆಗಳ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ರಾತ್ರಿಯ ಹೊತ್ತು ಬಂದು ಕದ ತಟ್ಟುವ ದೆವ್ವವು ಅದನ್ನು ಓದಿಕೊಂಡು ಹಿಂದಿರುಗುವುದೆಂದೂ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹಿಂದಿರುಗುವುದೆಂದೂ, ಹೀಗೆ ಎಂದಿಗೂ ಹೊಸ್ತಿಲನ್ನು ದಾಟಲಾರದೆಂದೂ ಹಿರಿಯರು ಹೇಳುತ್ತಿದ್ದರು. ದೆವ್ವದ ಮಾತು ಹಾಗಿರಲಿ. ಮುಂಗಡ ಕೊಟ್ಟು ಮನೆಯೊಂದನ್ನು ಕೊಳ್ಳಹೊರಟ ಗೃಹಸ್ಥನಿಗೂ ಒಮ್ಮೊಮ್ಮೆ ಇದೇ ಪಾಡು ಬರುವುದುಂಟು. ೨೦೨೫ರ ಡಿಸೆಂಬರ್ ತಿಂಗಳಲ್ಲಿ ಮೈಸೂರಿನಿಂದ ನಮ್ಮ ಓದುಗ ಸೋದರಿಯೊಬ್ಬರು ಬರೆದ ಕಾಗದವನ್ನು ನೋಡಿದಾಗ ನಮಗೆ ಆ ಬಾಗಿಲ ಬರಹವೇ ನೆನಪಿಗೆ ಬಂದಿತು.

ಕಾಗದದ ಸಾರಾಂಶವಿಷ್ಟು. ಈ ಸೋದರಿಯೂ ಅವರ ಪತಿಯೂ ಇಬ್ಬರೂ ಉಪಾಧ್ಯಾಯರು. ೨೦೨೫ರ ಜನವರಿಯಲ್ಲಿ ೬೨ ಲಕ್ಷ ರೂಪಾಯಿಗೆ ಒಂದು ಹಳೆಯ ಮನೆಯನ್ನು ಮಾತನಾಡಿ, ೮ ಲಕ್ಷ ಮುಂಗಡ ಕೊಟ್ಟು, ನಾಲ್ಕು ತಿಂಗಳೊಳಗೆ ಕ್ರಯಪತ್ರವಾಗತಕ್ಕದ್ದೆಂದು ಛಾಪಾಕಾಗದದ ಮೇಲೆ ಕರಾರು ಬರೆಯಿಸಿಕೊಂಡರು. ಬ್ಯಾಂಕಿನವರು ೪೦ ಲಕ್ಷ ಸಾಲವನ್ನು ಮಂಜೂರು ಮಾಡಿದರು. ಉಳಿದ ೧೪ ಲಕ್ಷವನ್ನು ಇವರು ಕೂಡಿಟ್ಟಿದ್ದರು. ಮೇ ತಿಂಗಳು ಬಂದಿತು, ಹೋಯಿತು. ಮಾರುವವರು ನಿವೃತ್ತ ಅಧಿಕಾರಿಗಳು, ವಯಸ್ಸಾದವರು, ಮರ್ಯಾದಸ್ಥರು. ಹೋದಾಗಲೆಲ್ಲ ಕಾಫಿ ಕೊಟ್ಟು, "ನಿಮ್ಮದೇ ಮನೆ ಅಂತ ಇಟ್ಕೊಳ್ಳಿ ಮೇಷ್ಟ್ರೇ, ಎಲ್ಲಿ ಹೋಗುತ್ತೆ?" ಎನ್ನುತ್ತಾರೆ. ಜೂನಿನಲ್ಲಿ ಕೇಳಿದರೆ ಆಷಾಢ ಹತ್ತಿರ ಬಂತೆಂದರು. ಶ್ರಾವಣದಲ್ಲಿ ಸೊಸೆಯ ಬಾಣಂತನವೆಂದರು. ಭಾದ್ರಪದದಲ್ಲಿ ಪಿತೃಪಕ್ಷ, ದೀಪಾವಳಿಯಾದ ಮೇಲೆ ಮೊಣಕಾಲು ನೋವು, ಈಗ ಧನುರ್ಮಾಸ. "ಬಾಡಿಗೆ ಮನೆಯ ಯಜಮಾನರು ಬಿಟ್ಟುಕೊಡಿ ಎನ್ನುತ್ತಿದ್ದಾರೆ. ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿ ಏಳು ತಿಂಗಳಾಯಿತು. ನಿತ್ಯಕ್ಕೆ ನಾಲ್ಕು ತಟ್ಟೆ ಮಾತ್ರ ಹೊರಗಿವೆ. ನೆಂಟರು ಬಂದರೆ ಪಕ್ಕದ ಮನೆಯಿಂದ ತಟ್ಟೆ ತರಬೇಕಾಗಿದೆ" ಎಂದು ಬರೆದಿರುವ ಆ ಸೋದರಿ, ತಮ್ಮ ಪತಿಯು ಕೋಪದಿಂದ ಮಾರುವವರಿಗೆ ಒಂದು ಕಾಗದವನ್ನು ಬರೆದಿಟ್ಟಿರುವರೆಂದೂ ಅದನ್ನು ಕಳುಹಿಸಬಹುದೇ ಎಂದೂ ನಮ್ಮನ್ನು ಕೇಳಿದ್ದರು. ಆ ಕಾಗದದ ಒಕ್ಕಣೆಯು ಹೀಗಿತ್ತು: 'ನಿಮ್ಮ ಮನೆಯೂ ಬೇಡ, ನಿಮ್ಮ ಸಹವಾಸವೂ ಬೇಡ. ನಮ್ಮ ಹಣವನ್ನು ಹಿಂದಕ್ಕೆ ಕೊಡಿ.'

ಈ ಕಾಗದವನ್ನು ದಯವಿಟ್ಟು ಕಳುಹಿಸಬೇಡಿರೆಂದು ನಾವು ಅದೇ ದಿನ ಉತ್ತರ ಬರೆದೆವು. ಕಾರಣವನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಒಂದು ಮಾತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಷಾಢವೂ ಇಲ್ಲ, ಧನುರ್ಮಾಸವೂ ಇಲ್ಲ. ಸರಕಾರದ ರಜೆಯ ದಿನಗಳ ಹೊರತು ಮಿಕ್ಕೆಲ್ಲ ದಿನಗಳಲ್ಲಿಯೂ ಅಲ್ಲಿ ನೋಂದಣಿ ನಡೆಯುತ್ತದೆ. ಮಾರುವವರಿಗೆ ಪಂಚಾಂಗದಲ್ಲಿ ನಿಜವಾಗಿ ನಂಬಿಕೆಯಿದ್ದಲ್ಲಿ ಅದನ್ನು ಗೌರವಿಸತಕ್ಕದ್ದೇ. ಆದರೆ ಅಂಥವರು ಆಷಾಢ ಬೇಡವೆನ್ನುವಾಗಲೇ ಶ್ರಾವಣದ ಮುಹೂರ್ತವೊಂದನ್ನು ತಾವೇ ಇಟ್ಟು ತೋರಿಸುತ್ತಾರೆ. ಬೇಡವಾದ ತಿಂಗಳುಗಳನ್ನು ಮಾತ್ರ ಎಣಿಸಿ, ಬೇಕಾದ ತಿಂಗಳೊಂದನ್ನೂ ಹೇಳದಿರುವವರ ಪಂಚಾಂಗವು ಬೇರೆಯ ಬಗೆಯದು. ೨೦೨೬ರಲ್ಲಿ ಅಧಿಕ ಜ್ಯೇಷ್ಠವೂ ಇರುವುದರಿಂದ ಅವರಿಗೆ ಇನ್ನೊಂದು ತಿಂಗಳು ಅನಾಯಾಸವಾಗಿ ದೊರೆಯಿತೆಂದೇ ಹೇಳಬೇಕು.

ಇನ್ನು ವಿಷಯಕ್ಕೆ ಬರೋಣ. ಮನೆಯನ್ನು ಮಾರಲು ಒಪ್ಪಿ ಮುಂಗಡ ತೆಗೆದುಕೊಂಡವನು ದಿನ ದೂಡುತ್ತಾನೆಂದರೆ ಅವನಿಗೆ ಮಾರುವ ಮನಸ್ಸಿಲ್ಲವೆಂದೇ ನಾವೆಲ್ಲ ಮೊದಲು ತಿಳಿಯುತ್ತೇವೆ. ಹೆಚ್ಚು ಬೆಲೆಗೆ ಬೇರೊಬ್ಬನು ಸಿಕ್ಕಿರಬೇಕೆಂದು ನಮ್ಮ ನೆಂಟರೂ ಸ್ನೇಹಿತರೂ ಹೇಳಿ ನಮ್ಮ ಕೋಪಕ್ಕೆ ತುಪ್ಪ ಹೊಯ್ಯುತ್ತಾರೆ. ಹಾಗೆ ಇರುವುದೂ ಉಂಟು. ಆದರೆ ನಾವು ಕಂಡ ಮಟ್ಟಿಗೆ, ಮಾರಲೊಲ್ಲದವರಿಗಿಂತ ಮಾರಲಾರದವರೇ ಹೆಚ್ಚು. ಕಾಗದಪತ್ರಗಳಲ್ಲಿ ಏನೋ ಒಂದು ಕೊರತೆಯಿರುತ್ತದೆ. ಅದನ್ನು ಹೇಳಿಕೊಳ್ಳಲು ನಾಚಿಕೆ. ಹೇಳಿದರೆ ಕೊಳ್ಳುವವನು ಕೈಬಿಟ್ಟಾನೆಂಬ ಹೆದರಿಕೆ. ಮುಂಗಡದ ಹಣವೋ ಆಗಲೇ ಖರ್ಚಾಗಿರುತ್ತದೆ. ಆದುದರಿಂದ 'ನಾಳೆ' ಎಂಬ ಮಾತು ಹುಟ್ಟುತ್ತದೆ. ಇಂಥವರ ಬಳಿ ಹೋಗಿ "ಯಾವತ್ತು ಮಾಡಿಕೊಡುತ್ತೀರಿ?" ಎಂದು ಕೇಳಿದರೆ ಅವರು ಒಂದು ತಾರೀಕನ್ನು ಹೇಳುತ್ತಾರೆ. ತಾರೀಕು ಹೇಳುವುದಕ್ಕೆ ಖರ್ಚೇನು? ಕೇಳಬೇಕಾದ ಪ್ರಶ್ನೆ ಬೇರೆ: "ರಾಯರೇ, ಇನ್ನೂ ಏನು ಆಗಬೇಕಾಗಿದೆ? ಯಾವ ಕಾಗದ ಬರಬೇಕು? ಯಾರ ರುಜು ಆಗಬೇಕು?" ಇದಕ್ಕೆ ಉತ್ತರ ಹೇಳಲು ಅವರು ತಡವರಿಸಿದರೆ ನಿಮಗೆ ಅರ್ಧ ವಿಷಯ ತಿಳಿದಂತಾಯಿತು.

ಕೊರತೆಗಳು ಬಗೆಬಗೆಯಾಗಿರುತ್ತವೆ. ಮನೆಯ ಮೂಲಪತ್ರಗಳು ಯಾವುದೋ ಸಾಲಕ್ಕಾಗಿ ಬ್ಯಾಂಕಿನಲ್ಲಿ ಇರಬಹುದು. ಕಂದಾಯ ಬಾಕಿ ಇರಬಹುದು. ಖಾತೆಯು ಇನ್ನೂ ಹಳಬರ ಹೆಸರಿನಲ್ಲಿಯೇ ಇರಬಹುದು. ಬೆಂಗಳೂರಿನಲ್ಲಿ ೨೦೨೪ರಿಂದ ಇ-ಖಾತೆಯಿಲ್ಲದೆ ಕ್ರಯಪತ್ರವು ನೋಂದಣಿಯಾಗುವುದಿಲ್ಲವಾಗಿ ಅದೊಂದಕ್ಕೇ ತಿಂಗಳುಗಟ್ಟಲೆ ಅಲೆದವರು ಇದ್ದಾರೆ. ಮಾರುವವರು ತಾವು ಹೋಗಿ ಸೇರಬೇಕಾದ ಹೊಸ ಮನೆ ಇನ್ನೂ ಮುಗಿಯದೆ ಇರಬಹುದು. ಇವೆಲ್ಲ ಕಾಲದಿಂದಲೂ ಹಣದಿಂದಲೂ ಸರಿಹೋಗತಕ್ಕವು. ನಿಜವಾಗಿ ಬಿಗಿಯಾದ ಗಂಟು ಮತ್ತೊಂದಿದೆ. ಅದು ಒಡಹುಟ್ಟಿದವರ ಪಾಲು.

ಮೈಸೂರಿನ ಸೋದರಿಯ ಕಾಗದದ ಮೂರನೆಯ ಪುಟದಲ್ಲಿ, ಬೇರೇನನ್ನೋ ಹೇಳುತ್ತ, 'ಖಾತೆ ಇನ್ನೂ ಅವರ ತಂದೆಯವರ ಹೆಸರಿನಲ್ಲಿಯೇ ಇದೆಯಂತೆ, ಬದಲಾಯಿಸಿಕೊಡುತ್ತೇನೆ ಎಂದಿದ್ದಾರೆ' ಎಂದು ಒಂದು ಸಾಲು ಇತ್ತು. ನಮ್ಮ ಕಣ್ಣು ಅಲ್ಲಿಯೇ ನಿಂತಿತು. ಆ ತಂದೆಯವರಿಗೆ ಮಕ್ಕಳೆಷ್ಟು, ಉಯಿಲು ಬರೆದಿದ್ದರೇ, ಕರಾರಿಗೆ ಯಾರು ಯಾರು ರುಜು ಮಾಡಿದ್ದಾರೆ, ಈ ಮೂರನ್ನು ವಿಚಾರಿಸಿ ಬರೆಯಿರೆಂದು ಕೇಳಿದೆವು. ಜೊತೆಗೆ ಆ ಸ್ವತ್ತಿನ ಋಣಭಾರ ಪತ್ರವನ್ನೂ, ಕುಟುಂಬದ ವಂಶವೃಕ್ಷವನ್ನೂ ತರಿಸಿ ನೋಡಬೇಕೆಂದೆವು. ಋಣಭಾರ ಪತ್ರಕ್ಕೆ ಈಗ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾದ್ದಿಲ್ಲ. ನೋಂದಣಿ ಇಲಾಖೆಯ 'ಕಾವೇರಿ' ಎಂಬ ಅಂತರ್ಜಾಲದ ವ್ಯವಸ್ಥೆಯಲ್ಲಿ ಮನೆಯಿಂದಲೇ ಪಡೆಯಬಹುದು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ತಂಗಿಯ ಮನಸ್ಸಿನೊಳಗಿನ ಹಕ್ಕು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ವಂಶವೃಕ್ಷವೇ ಬೇಕು.

ಉತ್ತರವು ಎಂಟು ದಿನಗಳಲ್ಲಿ ಬಂದಿತು. ಮನೆಯು ಮಾರುವವರ ತಂದೆಯು ಸ್ವಂತ ಸಂಪಾದನೆಯಿಂದ ಕಟ್ಟಿಸಿದ್ದು. ಅವರು ಉಯಿಲು ಬರೆಯದೆಯೇ ತೀರಿಕೊಂಡಿದ್ದರು, ತಾಯಿಯೂ ಹಾಗೆಯೇ. ಮಕ್ಕಳು ಮೂವರು: ಮಾರುವವರೂ, ಅವರ ಇಬ್ಬರು ತಂಗಿಯರೂ. ಕರಾರಿನಲ್ಲಿ ಅಣ್ಣನ ರುಜು ಮಾತ್ರ ಇದ್ದಿತು. ಮೈಸೂರಿನಲ್ಲಿಯೇ ಇರುವ ತಂಗಿ ಬಂದು ರುಜು ಮಾಡುವೆನೆಂದಿದ್ದರು. ಶಿವಮೊಗ್ಗದಲ್ಲಿರುವ ತಂಗಿ ಮಾತ್ರ ಒಲ್ಲೆನೆಂದಿದ್ದರು. ಹನ್ನೊಂದು ತಿಂಗಳ ಪಂಚಾಂಗವೆಲ್ಲವೂ ಹುಟ್ಟಿದ್ದು ಆ ಒಂದು 'ಒಲ್ಲೆ'ಯಿಂದ.

ಇಲ್ಲಿ ಸ್ವಲ್ಪ ನಿಂತು ಕಾನೂನನ್ನು ತಿಳಿದುಕೊಳ್ಳಬೇಕು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲಿಲ್ಲದೆ ತೀರಿಕೊಂಡ ಗೃಹಸ್ಥನ ಸ್ವಯಾರ್ಜಿತ ಸ್ವತ್ತಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ, ಇವರೆಲ್ಲರಿಗೂ ಸಮನಾದ ಪಾಲುಂಟು. ಪಿತ್ರಾರ್ಜಿತವಾದ ಸ್ವತ್ತಿನಲ್ಲಿಯೂ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳೆಂದು ೨೦೦೫ರ ತಿದ್ದುಪಡಿಯು ಹೇಳಿತು. ತಂದೆಯು ಆ ತಿದ್ದುಪಡಿಗೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ತೀರ್ಮಾನಿಸಿತು. ನಮ್ಮ ರಾಜ್ಯದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ೧೯೯೪ರಲ್ಲಿಯೇ ಇಂಥ ಹಕ್ಕು ದೊರೆತಿದ್ದಿತು. ಇಷ್ಟೆಲ್ಲ ಆಗಿದ್ದರೂ, ಮದುವೆ ಮಾಡಿ, ಬಳೆ ತೊಡಿಸಿ, ಉಡಿ ತುಂಬಿ ಕಳುಹಿಸಿದ ಮೇಲೆ ಹೆಣ್ಣುಮಗಳ ಪಾಲು ತೀರಿತೆಂದು ತಿಳಿದಿರುವ ಅಣ್ಣಂದಿರು ಇಂದಿಗೂ ಕಡಮೆಯಿಲ್ಲ. ಅವರಲ್ಲಿ ಎಲ್ಲರೂ ಕೆಟ್ಟವರಲ್ಲ. ತಂಗಿಯು ಕೇಳುವಳೆಂದು ಅವರು ಕನಸಿನಲ್ಲಿಯೂ ಎಣಿಸಿರುವುದಿಲ್ಲ. ಕೇಳಿದಳೆಂದು ಊರಿನವರ ಮುಂದೆ ಹೇಳಲು ಅವರಿಗೆ ನಾಲಗೆ ಏಳುವುದಿಲ್ಲ. ನಮ್ಮ ಮನೆಯ ಮಾತು ಹೊರಗೆ ಹೋಗಬಾರದೆಂಬ ಅಭಿಮಾನವೇ ಕೊಳ್ಳುವವನ ಪಾಲಿಗೆ 'ಮುಂದಿನ ತಿಂಗಳು' ಆಗಿ ಪರಿಣಮಿಸುತ್ತದೆ.

ಕೊಳ್ಳುವವನು ತಿಳಿಯತಕ್ಕದ್ದೇನೆಂದರೆ, ಅಣ್ಣನೊಬ್ಬನೇ ರುಜು ಮಾಡಿದ ಕರಾರಿನಿಂದ ತಂಗಿಯರ ಪಾಲು ಅವನಿಗೆ ಬರುವುದಿಲ್ಲ. ಇಂಥ ಕರಾರನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋದರೂ ಅಲ್ಲಿ ಇಡೀ ಮನೆಯನ್ನು ಪಡೆಯುವುದು ಕಷ್ಟ. ಇನ್ನೂ ಅಪಾಯವೇನೆಂದರೆ, ಅಣ್ಣನು ಹೇಗಾದರೂ ಮಾಡಿ ಖಾತೆಯನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡು ಕ್ರಯಪತ್ರವನ್ನು ಬರೆದುಕೊಟ್ಟುಬಿಟ್ಟರೆ, ಗೃಹಪ್ರವೇಶವಾದ ಮೇಲೆ ಪಾಲಿನ ದಾವೆಯ ಸಮನ್ಸು ಬಾಗಿಲಿಗೆ ಬಂದೀತು. ಖಾತೆಯೆಂಬುದು ಕಂದಾಯ ಕಟ್ಟುವವರ ಹೆಸರೇ ಹೊರತು ಒಡೆತನದ ಪತ್ರವಲ್ಲ. ಆದಕಾರಣ ಈ ಸಂದರ್ಭದಲ್ಲಿ ತಡವಾದುದು ಒಂದು ಬಗೆಯಲ್ಲಿ ನಮ್ಮ ಸೋದರಿಯ ಪುಣ್ಯವೆಂದೇ ನಾವು ಅವರಿಗೆ ಬರೆದೆವು. ಅದನ್ನು ಓದಿ ಅವರಿಗೆ ಸಮಾಧಾನವಾಯಿತೋ ನಮ್ಮ ಮೇಲೆ ಕೋಪ ಬಂದಿತೋ ಹೇಳಲಾರೆವು. ಪುಣ್ಯಕ್ಕೂ ಖರ್ಚಿದೆ: ತಿಂಗಳಿಗೆ ೧೮,೦೦೦ ರೂಪಾಯಿನಂತೆ ಏಳು ತಿಂಗಳ ಬಾಡಿಗೆ ೧,೨೬,೦೦೦ ಆಯಿತು. ಕರ್ನಾಟಕದಲ್ಲಿ ನೋಂದಣಿ ಶುಲ್ಕವು ೨೦೨೫ರ ಆಗಸ್ಟ್ ೩೧ರಿಂದ ನೂರಕ್ಕೆ ಒಂದರಿಂದ ಎರಡಕ್ಕೆ ಏರಿತಾಗಿ, ೬೨ ಲಕ್ಷದ ಮೇಲೆ ಇನ್ನೂ ೬೨,೦೦೦ ಹೆಚ್ಚಾಯಿತು. ಮೇ ತಿಂಗಳಿನಲ್ಲಿಯೇ ಕೆಲಸ ಮುಗಿದಿದ್ದರೆ ಇವೆರಡೂ ಇರುತ್ತಿರಲಿಲ್ಲ.

ಈಗ ಆ ಕೋಪದ ಕಾಗದದ ವಿಷಯ. ಮನೆಯನ್ನು ಮಾರುತ್ತೇನೆಂದು ಕರಾರು ಮಾಡಿಕೊಟ್ಟು ತಪ್ಪಿದವನಿಂದ ಕ್ರಯಪತ್ರವನ್ನು ಬರೆಯಿಸಿಕೊಡಬೇಕೆಂದು ಕೇಳುವ ದಾವೆಗೆ ೧೯೬೩ರ ನಿರ್ದಿಷ್ಟ ಪರಿಹಾರ ಅಧಿನಿಯಮವು ಆಧಾರ. ಮೊದಲು ಇಂಥ ಪರಿಹಾರವನ್ನು ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಸೇರಿದ್ದಿತು. ೨೦೧೮ರ ತಿದ್ದುಪಡಿಯು ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿ, ಕರಾರು ನಡೆಯಲೇಬೇಕೆಂಬ ಕಡೆಗೆ ಕಾನೂನನ್ನು ವಾಲಿಸಿತು. ಆದರೆ ಒಂದು ನಿಬಂಧನೆಯು ಹಾಗೆಯೇ ಉಳಿದಿದೆ. ಕೊಳ್ಳುವವನು ತಾನು ಮೊದಲಿನಿಂದ ಕೊನೆಯವರೆಗೂ ತನ್ನ ಪಾಲಿನ ಕರ್ತವ್ಯಕ್ಕೆ ಸಿದ್ಧನಾಗಿಯೂ ಮನಸ್ಸುಳ್ಳವನಾಗಿಯೂ ಇದ್ದೆನೆಂದು ರುಜುವಾತು ಮಾಡಬೇಕು. 'ನಿಮ್ಮ ಮನೆ ಬೇಡ' ಎಂದು ತನ್ನ ಕೈಯಿಂದಲೇ ಬರೆದುಕೊಟ್ಟವನು ನಾಳೆ ಹೇಗೆ ಮನಸ್ಸುಳ್ಳವನೆನಿಸಿಯಾನು? ಎದುರು ವಕೀಲರು ಆ ಕಾಗದವನ್ನು ಹಬ್ಬದೂಟದ ಒಬ್ಬಟ್ಟಿನಂತೆ ನ್ಯಾಯಾಲಯದ ಮುಂದೆ ಬಡಿಸುತ್ತಾರೆ. ಫೋನಿನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಕಳುಹಿಸಿದ ಸಂದೇಶಕ್ಕೂ ಇದೇ ಮಾತು ಸಲ್ಲುತ್ತದೆ, ಅದೂ ಸಾಕ್ಷ್ಯವೇ. ಮಾರುವವರು ಕಳುಹಿಸಿದ 'ಮುಂದಿನ ತಿಂಗಳು ಖಂಡಿತ' ಎಂಬ ಸಂದೇಶಗಳು ನಿಮಗೆ ಉಪಯುಕ್ತವಾದುದರಿಂದ ಅವನ್ನು ಅಳಿಸಿಹಾಕಬೇಡಿ.

ಈ 'ಸಿದ್ಧತೆ' ಎಂಬ ಮಾತಿನ ಬೆಲೆಯನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನಾವೂ ಒಂದು ಸಣ್ಣ ಮನೆಗೆ ಮುಂಗಡ ಕೊಟ್ಟಿದ್ದೆವು. ಆರು ತಿಂಗಳ ಅವಧಿ. ಅವಧಿ ಮುಗಿದ ಮೇಲೆ ಎಂಟು ತಿಂಗಳ ಕಾಲ ಮಾರುವವರು ನಮ್ಮನ್ನು ಅಲೆಯಿಸಿದರು. ಹಣವು ಬ್ಯಾಂಕಿನಲ್ಲಿ ಸುಮ್ಮನೆ ಕುಳಿತಿದ್ದಿತು. ಆಗ ನಮ್ಮ ಮನೆಯಲ್ಲಿ ಅಣ್ಣನ ಮಗಳ ಮದುವೆ ಒದಗಿ ಬಂದಿತು. ಇವರೇನು ಈಗಲೇ ಮಾಡಿಕೊಡುವರೇ ಎಂದುಕೊಂಡು ಇಟ್ಟಿದ್ದ ಠೇವಣಿಯನ್ನು ಮುರಿದು ಮದುವೆಗೆ ಕೊಟ್ಟೆವು. ಧಾರೆಯಾಗಿ ಹದಿನೈದು ದಿನಗಳಾಗಿರಲಿಲ್ಲ, ಮಾರುವವರಿಂದ ವಕೀಲರ ನೋಟೀಸು ಬಂದಿತು: ಹತ್ತು ದಿನಗಳೊಳಗೆ ಬಾಕಿ ಹಣವನ್ನು ತಂದು ಕ್ರಯ ಮಾಡಿಸಿಕೊಳ್ಳತಕ್ಕದ್ದು, ಇಲ್ಲವಾದರೆ ಕರಾರು ರದ್ದು. ಹದಿನಾಲ್ಕು ತಿಂಗಳು ಮಲಗಿದ್ದವರಿಗೆ ಆಗ ಹೇಗೋ ಎಚ್ಚರವಾಯಿತು. ನಮ್ಮ ಕೈಯಲ್ಲಿ ಹಣವಿರಲಿಲ್ಲ. ಅವರು ತಡಮಾಡಿದ್ದರೆಂಬುದಕ್ಕೆ ನಮ್ಮ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಇದ್ದುದು ಕುಡಿದ ಕಾಫಿಯ ನೆನಪು ಮಾತ್ರ. ಕೊನೆಗೆ ಹಿರಿಯರೊಬ್ಬರು ನಡುವೆ ಕುಳಿತು ಮಾತನಾಡಿ, ಮುಂಗಡದಲ್ಲಿ ಕಾಲುಭಾಗವನ್ನು ಬಿಟ್ಟುಕೊಟ್ಟು ಮುಕ್ಕಾಲನ್ನು ತಂದೆವು. ಆ ಮನೆಯ ಮುಂದೆ ಈಗಲೂ ಹಾದುಹೋಗುವುದುಂಟು. ಸಂಪಿಗೆ ಮರವನ್ನು ಕಡಿದುಹಾಕಿದ್ದಾರೆ.

ಆದ್ದರಿಂದ ಅನುಭವದಿಂದ ಹೇಳುತ್ತೇವೆ. ತಡವಾಗುತ್ತಿರುವುದು ಎದುರಿನವರಿಂದಲೇ ಆದರೂ ನಿಮ್ಮ ಹಣವನ್ನು ಅತ್ತಿತ್ತ ಹೋಗಗೊಡಬೇಡಿ. ಠೇವಣಿಯ ರಸೀತಿ, ಪಾಸ್ ಪುಸ್ತಕ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ಇವುಗಳ ನಕಲುಗಳನ್ನು ಒಂದೆಡೆ ಇಡಿ. ಮಂಜೂರಾತಿಗೆ ಕೆಲವು ತಿಂಗಳ ಆಯುಸ್ಸು ಮಾತ್ರ ಇರುವುದರಿಂದ, ಅದು ಮುಗಿಯುವ ಮೊದಲೇ ಬ್ಯಾಂಕಿಗೆ ಹೋಗಿ ಮುಂದುವರಿಸಿಕೊಂಡು ಬರಹದಲ್ಲಿ ಪಡೆಯಿರಿ. ದಾವೆ ಹೂಡುವವನು ಹಣವನ್ನು ಮೊದಲೇ ನ್ಯಾಯಾಲಯದಲ್ಲಿ ಕಟ್ಟಿರಬೇಕೆಂದು ಕಾನೂನು ಹೇಳುವುದಿಲ್ಲ. ನ್ಯಾಯಾಲಯವು ಅಪ್ಪಣೆ ಮಾಡಿದಾಗ ಕಟ್ಟಿದರೆ ಸಾಕು. ಆದರೆ ಕಟ್ಟುವ ಶಕ್ತಿಯಿದ್ದಿತೆಂಬುದನ್ನು ತೋರಿಸಬೇಕು.

ಎರಡನೆಯದಾಗಿ, ಬಾಯಿಮಾತಿನ ವಾಯಿದೆಯನ್ನು ವಾಯಿದೆಯೆಂದು ಎಣಿಸಕೂಡದು. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಆ ದಿನದಿಂದ ಮೂರು ವರ್ಷಗಳೊಳಗೆ ದಾವೆಯನ್ನು ಹೂಡಬೇಕು. ದಿನ ಗೊತ್ತಿಲ್ಲದಿದ್ದರೆ, ಮಾರುವವರು ಒಲ್ಲೆನೆಂದುದು ತಿಳಿದ ದಿನದಿಂದ ಮೂರು ವರ್ಷ. ಮೈಸೂರಿನ ಸೋದರಿಯ ಲೆಕ್ಕದಲ್ಲಿ ಈ ಗಡುವು ೨೦೨೮ರ ಮೇ ತಿಂಗಳಿಗೆ ತೀರುತ್ತದೆ. 'ನಾಳೆ, ನಾಳಿದ್ದು' ಎಂದು ಅವರು ನೂರು ಬಾರಿ ಹೇಳಿದ್ದರೂ ಆ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಅವಧಿಯನ್ನು ಬೆಳೆಸಿಕೊಡುವುದಾದರೆ ಕರಾರಿನ ಹಿಂಬದಿಯಲ್ಲಿ 'ಇಂಥ ತಾರೀಕಿನವರೆಗೆ ಉಭಯತ್ರರ ಒಪ್ಪಿಗೆಯಿಂದ ಅವಧಿಯನ್ನು ಮುಂದುವರಿಸಿದೆ' ಎಂದು ಹಿಂಬರಹ ಬರೆದು, ಎರಡು ಕಡೆಯವರೂ ಸಾಕ್ಷಿಗಳೂ ರುಜು ಮಾಡತಕ್ಕದ್ದು. ಮರ್ಯಾದಸ್ಥರನ್ನು ಇದಕ್ಕೆ ಕೇಳುವುದು ಹೇಗೆಂಬ ಸಂಕೋಚ ಬೇಡ. "ರಾಯರೇ, ನಮ್ಮ ಬ್ಯಾಂಕಿನವರು ಕೇಳುತ್ತಿದ್ದಾರೆ" ಎಂದರೆ ಆಯಿತು; ಅದು ಸುಳ್ಳೂ ಅಲ್ಲ.

ಮೂರು ವರ್ಷವಿದೆಯೆಂದು ಸುಮ್ಮನೆ ಕುಳಿತಿರುವುದೂ ಸರಿಯಲ್ಲ. ಮಧುರೆಯ ಮನೆಯೊಂದರ ವ್ಯಾಜ್ಯವು ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ೧೯೭೮ರಲ್ಲಿ ೬೦,೦೦೦ ರೂಪಾಯಿಗೆ ಮಾತನಾಡಿ ೫,೦೦೦ ಮುಂಗಡ ಕೊಟ್ಟಿದ್ದ ಮನೆ ಅದು. ಅವಧಿ ಆರು ತಿಂಗಳು. ಕೊಳ್ಳುವವನು ಸುಮಾರು ಎರಡೂವರೆ ವರ್ಷ ಸುಮ್ಮನಿದ್ದು ಆಮೇಲೆ ನೋಟೀಸು ಕೊಟ್ಟನು. ದಾವೆಯು ಗಡುವಿನೊಳಗೇ ಇದ್ದರೂ, ಪಟ್ಟಣದ ಸ್ವತ್ತಿನ ಬೆಲೆ ಏರುತ್ತಿರುವ ಕಾಲದಲ್ಲಿ ಇಷ್ಟು ಉದಾಸೀನನಾಗಿದ್ದವನಿಗೆ ಮನೆಯನ್ನು ಕೊಡಿಸಲಾಗದೆಂದು ನ್ಯಾಯಾಲಯವು ಹೇಳಿತು. ಅದು ೨೦೧೮ರ ತಿದ್ದುಪಡಿಗೆ ಮೊದಲಿನ ತೀರ್ಪಾದರೂ, ಸುಮ್ಮನಿದ್ದವನು 'ಮನಸ್ಸುಳ್ಳವನು' ಹೇಗಾದನೆಂಬ ಪ್ರಶ್ನೆಯು ಇಂದಿಗೂ ಉಳಿದೇ ಇದೆ.

ಹಾಗಾದರೆ ಎಂಥ ಕಾಗದವನ್ನು ಬರೆಯಬೇಕು? ಬೆದರಿಕೆಯೂ ಬೇಡ, ಅಂಗಲಾಚುವಿಕೆಯೂ ಬೇಡ. ನಾವು ಆ ಸೋದರಿಗೆ ಬರೆದುಕೊಟ್ಟ ಒಕ್ಕಣೆಯನ್ನೇ ಇಲ್ಲಿ ಕೊಡುತ್ತೇವೆ:

'ಮಾನ್ಯರೇ, ೨೦೨೫ರ ಜನವರಿಯಲ್ಲಿ ತಮಗೂ ನಮಗೂ ಆದ ಕ್ರಯದ ಕರಾರಿನಂತೆ ತಮಗೆ ೮,೦೦,೦೦೦ ರೂಪಾಯಿ ಸಂದಿದೆ. ಬಾಕಿ ೫೪,೦೦,೦೦೦ ರೂಪಾಯಿಗಳನ್ನು ಕೊಟ್ಟು ಕ್ರಯಪತ್ರವನ್ನು ಬರೆಯಿಸಿಕೊಳ್ಳಲು ನಾವು ಅಂದಿನಿಂದಲೂ ಸಿದ್ಧರಾಗಿದ್ದೆವು, ಈಗಲೂ ಸಿದ್ಧರಾಗಿದ್ದೇವೆ. ಸ್ವತ್ತು ತಮ್ಮ ತೀರ್ಥರೂಪರವರದಾಗಿದ್ದು ತಮ್ಮ ಸೋದರಿಯರಿಬ್ಬರ ರುಜುವೂ ಅಗತ್ಯವೆಂದು ನಮಗೆ ತಿಳಿದುಬಂದಿದೆ. ಅವರಿಬ್ಬರನ್ನೂ ಕ್ರಯಪತ್ರದಲ್ಲಿ ಮಾರುವವರಾಗಿ ಸೇರಿಸಿಕೊಂಡು, ಅವರವರ ಪಾಲಿನ ಹಣವನ್ನು ಅವರವರ ಹೆಸರಿಗೇ ಬ್ಯಾಂಕಿನ ಮೂಲಕ ಸಲ್ಲಿಸಲು ನಮ್ಮ ಅಭ್ಯಂತರವಿಲ್ಲ. ಇನ್ನೂ ಆಗಬೇಕಾದ ಕಾಗದಪತ್ರಗಳಾವುವು, ಅವು ಎಂದಿಗೆ ದೊರೆಯುವುವು ಎಂಬುದನ್ನು ಹದಿನೈದು ದಿನಗಳೊಳಗೆ ಬರಹದಲ್ಲಿ ತಿಳಿಸಬೇಕಾಗಿ ಪ್ರಾರ್ಥನೆ.'

ಇದನ್ನು ಕೈಯಲ್ಲಿ ಕೊಟ್ಟು ಬಂದರೆ ಸಾಲದು. ಅಂಚೆಯಲ್ಲಿ ಕಳುಹಿಸಿ ರಸೀತಿಯನ್ನು ಇಟ್ಟುಕೊಳ್ಳಬೇಕು. ನಮಗೆಲ್ಲ ಬಳಕೆಯಾಗಿದ್ದ ರಿಜಿಸ್ಟರ್ಡ್ ಅಂಚೆಯನ್ನು ಇಲಾಖೆಯವರು ೨೦೨೫ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ಸೇರಿಸಿದರು; ಅದರಲ್ಲಿಯೇ ಕಳುಹಿಸಿ, ತಲುಪಿದ ದಾಖಲೆಯನ್ನು ಪಡೆಯಬೇಕು. ಇದಕ್ಕೆ ಉತ್ತರ ಬಾರದಿದ್ದರೆ ಎರಡನೆಯ ಕಾಗದವನ್ನು ವಕೀಲರ ಮೂಲಕವೇ ಬರೆಯಿಸುವುದು.

ತಡಮಾಡುವವರು ನಡುನಡುವೆ 'ಇನ್ನೊಂದು ಎರಡು ಲಕ್ಷ ಕೊಟ್ಟಿರಿ, ಕೆಲಸ ಬೇಗ ಆಗುತ್ತದೆ' ಎನ್ನುವುದುಂಟು. ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಒಂದು ಕೆಲಸಕ್ಕೆ ಪ್ರತಿಯಾಗಿ ಕೊಡಿ: ಮೂಲಪತ್ರಗಳು ಬ್ಯಾಂಕಿನಲ್ಲಿ ಸಾಲಕ್ಕೆ ಇದ್ದಲ್ಲಿ, ಆ ಬ್ಯಾಂಕಿಗೇ ನೇರವಾಗಿ ಹಣ ಕಟ್ಟಿ ಸಾಲ ತೀರಿದ ಪತ್ರವನ್ನು ಪಡೆಯುವುದು ಒಂದು ಉದಾಹರಣೆ. ನಗದಾಗಿಯಂತೂ ಕೂಡದು. ಸ್ಥಿರಸ್ವತ್ತಿನ ವ್ಯವಹಾರದಲ್ಲಿ ೨೦,೦೦೦ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ. ಅದೂ ಅಲ್ಲದೆ, ನಗದು ಕೊಟ್ಟವನಿಗೆ ಸಾಕ್ಷಿಯು ದೇವರೊಬ್ಬನೇ.

ಇದು ತಂಗಿಯರ ಗಂಟಾಯಿತು. ಬೆಲೆ ಏರಿತೆಂದು ಮನಸ್ಸು ಬದಲಾಯಿಸಿದವನ ವಿಷಯದಲ್ಲಿ ಇಷ್ಟು ತಾಳ್ಮೆ ಬೇಕಾಗಿಲ್ಲ. ಅವನ ಗುರುತು ಹೀಗಿರುತ್ತದೆ: ಅವನ ಕಾಗದಪತ್ರಗಳೆಲ್ಲ ಸರಿಯಾಗಿರುತ್ತವೆ, ಆದರೆ ಅವನು ಸಿಕ್ಕುವುದಿಲ್ಲ. ಇಂಥವನು ಮನೆಯನ್ನು ಮತ್ತೊಬ್ಬನಿಗೆ ಮಾರಿಬಿಟ್ಟರೆ, ಮತ್ತು ಆ ಮತ್ತೊಬ್ಬನು ನಿಮ್ಮ ಕರಾರಿನ ವಿಷಯ ತಿಳಿಯದೆಯೇ ಸದ್ಭಾವದಿಂದ ಹಣ ಕೊಟ್ಟು ಕೊಂಡಿದ್ದರೆ, ಅವನ ಕೈಯಿಂದ ಮನೆಯನ್ನು ಬಿಡಿಸಲಾಗದು. ಈ ಕಾರಣದಿಂದಲೇ ಕರಾರನ್ನು ಮೊದಲೇ ನೋಂದಣಿ ಮಾಡಿಸಬೇಕೆಂದು ನಾವು ಒತ್ತಿ ಹೇಳುವುದು. ನೋಂದಣಿಯಾದ ಕರಾರು ಋಣಭಾರ ಪತ್ರದಲ್ಲಿ ಕಾಣುತ್ತದೆ. ಆಮೇಲೆ ಕೊಳ್ಳಬಂದವನು ತನಗೆ ತಿಳಿಯದೆಂದು ಹೇಳುವಂತಿಲ್ಲ. ಮೈಸೂರಿನ ದಂಪತಿಗಳು ಕೆಲವು ಸಾವಿರಗಳ ಖರ್ಚಿಗೆ ಹಿಂಜರಿದು ಇದನ್ನು ಮಾಡಿಸಿರಲಿಲ್ಲ. ದಾವೆಯನ್ನು ಹೂಡಿದ ಮೇಲಾದರೋ, ದಾವೆ ನಡೆಯುತ್ತಿರುವಾಗ ಮಾರಿದ ಸ್ವತ್ತು ಆ ದಾವೆಯ ತೀರ್ಪಿಗೆ ಒಳಪಟ್ಟೇ ಇರುತ್ತದೆಂದು ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೫೨ನೆಯ ಪ್ರಕರಣವು ಹೇಳುತ್ತದೆ. ಇಂಥ ದಾವೆಗಳು ಪ್ರತಿವಾದಿಗೆ ಸಮನ್ಸು ಮುಟ್ಟಿದ ಹನ್ನೆರಡು ತಿಂಗಳೊಳಗೆ ತೀರಬೇಕೆಂದೂ, ಹೆಚ್ಚೆಂದರೆ ಇನ್ನಾರು ತಿಂಗಳು ಬೆಳೆಸಬಹುದೆಂದೂ ೨೦೧೮ರಲ್ಲಿ ಬರೆದಿದ್ದಾರೆ. ಬರೆದಿರುವುದೇನೋ ನಿಜ. ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಅದನ್ನು ಓದಿ ನಕ್ಕರೆ ನಾವು ಅವರನ್ನು ದೂಷಿಸಲಾರೆವು.

ದಾವೆಯ ಅರ್ಜಿಯಲ್ಲಿ ಒಂದನ್ನು ಮರೆಯಕೂಡದು. ಕ್ರಯಪತ್ರ ಬೇಕೆಂಬ ಪ್ರಾರ್ಥನೆಯ ಜೊತೆಗೆ, ಅದು ದೊರೆಯದ ಪಕ್ಷದಲ್ಲಿ ಮುಂಗಡವನ್ನಾದರೂ ಹಿಂದಕ್ಕೆ ಕೊಡಿಸಬೇಕೆಂದು ಸ್ಪಷ್ಟವಾಗಿ ಕೇಳಿರಬೇಕು. ಕೇಳದಿದ್ದರೆ ಅದನ್ನು ಕೊಡುವಂತಿಲ್ಲವೆಂದು ಕಾನೂನಿನಲ್ಲಿಯೇ ಇದೆ. ಕೋಪದ ಕಾಗದದಲ್ಲಿ ಹಣ ಕೇಳುವುದಕ್ಕೂ ದಾವೆಯಲ್ಲಿ ಎರಡನೆಯ ಪ್ರಾರ್ಥನೆಯಾಗಿ ಹಣ ಕೇಳುವುದಕ್ಕೂ ಇರುವ ಅಂತರವು ಈಗ ವಾಚಕರಿಗೆ ತಿಳಿಯಿತಷ್ಟೆ.

ಎಲ್ಲರೂ ಮನೆಯನ್ನೇ ಪಡೆಯಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಮಕ್ಕಳ ಶಾಲೆ, ಬಾಡಿಗೆ, ಬಡ್ಡಿ, ನಿದ್ದೆ ಇವುಗಳ ಲೆಕ್ಕವನ್ನು ಹಾಕಿ, ಹಣ ಹಿಂದಕ್ಕೆ ಬಂದರೆ ಸಾಕೆಂದು ತೀರ್ಮಾನಿಸುವ ಸಂಸಾರಸ್ಥರನ್ನು ನಾವು ಹೇಡಿಗಳೆನ್ನುವುದಿಲ್ಲ. ಅಂಥವರಿಗೆ ಕಾನೂನಿನಲ್ಲಿ ಒಂದು ಆಸರೆಯಿದೆ, ಬಹಳ ಮಂದಿಗೆ ಅದು ತಿಳಿದಿಲ್ಲ: ತಾನಾಗಿ ತಪ್ಪದೆ ಇರುವ ಕೊಳ್ಳುವವನು ಕೊಟ್ಟ ಮುಂಗಡಕ್ಕೆ, ಮಾರುವವನಿಗೆ ಆ ಸ್ವತ್ತಿನಲ್ಲಿರುವ ಹಕ್ಕಿನ ಮೇಲೆಯೇ ಋಣಭಾರವುಂಟು. ಅಂದರೆ ಆ ಹಣವು ಬರೀ ಕೈಸಾಲವಲ್ಲ. ಆದರೆ ಆ ತೀರ್ಮಾನವನ್ನು ತಣ್ಣಗೆ ಕುಳಿತು, ವಕೀಲರನ್ನು ಕೇಳಿ, ಮಾರುವವರಿಂದ ಹಣ ಹಿಂದಿರುಗಿಸುವ ದಿನವನ್ನು ಬರಹದಲ್ಲಿ ಪಡೆದು ಮಾಡಬೇಕು.

ಮೈಸೂರಿನಿಂದ ಮೊನ್ನೆ ಇನ್ನೊಂದು ಕಾಗದ ಬಂದಿದೆ. ನಮ್ಮ ಒಕ್ಕಣೆಯ ಕಾಗದವು ತಲುಪಿದ ಮೂರನೆಯ ದಿನ ಆ ಹಿರಿಯರು ತಾವೇ ಇವರ ಬಾಡಿಗೆ ಮನೆಗೆ ಬಂದಿದ್ದರಂತೆ. ಬಹಳ ಹೊತ್ತು ಏನೂ ಮಾ‌ತನಾಡಲಿಲ್ಲವಂತೆ. ಆಮೇಲೆ, "ಅಮ್ಮಾ, ನನ್ನ ತಂಗಿ ನನ್ನ ಹತ್ತಿರ ಮಾತು ಬಿಟ್ಟು ಆರು ವರ್ಷವಾಯಿತು. ಇದನ್ನು ನಿಮಗೆ ಹೇಗೆ ಹೇಳಲಿ ಅಂತ ತಿಳಿಯಲಿಲ್ಲ" ಎಂದರಂತೆ. ಶಿವಮೊಗ್ಗದ ತಂಗಿಗೆ ಮನೆ ಮಾರಬಾರದೆಂಬ ಹಟವೇನೂ ಇರಲಿಲ್ಲ. ತನ್ನ ಪಾಲು ಅಣ್ಣನ ಕೈಗೆ ಹೋದರೆ ತನ್ನ ಕೈಗೆ ಬಾರದೆಂಬ ಭಯವಿತ್ತು. ಮೂರನೆಯ ಒಂದು ಪಾಲು, ಎಂದರೆ ಸುಮಾರು ೨೦ ಲಕ್ಷದ ೬೬ ಸಾವಿರ ರೂಪಾಯಿ, ಆಕೆಯ ಹೆಸರಿಗೇ ನೇರವಾಗಿ ಸಲ್ಲುವುದೆಂದು ಕಾಗದದಲ್ಲಿ ಬರೆದಿದ್ದುದನ್ನು ಮೈಸೂರಿನ ತಂಗಿಯು ಫೋನಿನಲ್ಲಿ ಓದಿ ಹೇಳಿದ್ದಾರೆ. ಯೋಚಿಸಿ ತಿಳಿಸುತ್ತೇನೆಂದು ಶಿವಮೊಗ್ಗದಿಂದ ಉತ್ತರ ಬಂದಿದೆ. ಈ ನಡುವೆ ಕರಾರಿನ ಬೆನ್ನಿಗೆ ಹಿಂಬರಹ ಬರೆದು, ಅವಧಿಯನ್ನು ಬೆಳೆಸಿ, ಅಣ್ಣನೂ ಮೈಸೂರಿನ ತಂಗಿಯೂ ರುಜು ಮಾಡಿಕೊಟ್ಟಿದ್ದಾರೆ. ಮೂರನೆಯ ರುಜುವಿಗೆ ಜಾಗವನ್ನು ಬಿಟ್ಟಿದ್ದಾರೆ. ಪಾತ್ರೆಗಳ ಪೆಟ್ಟಿಗೆಯನ್ನು ಈಗ ಬಿಚ್ಚಬಹುದೇ ಎಂದು ಸೋದರಿ ಕೇಳಿದ್ದಾರೆ. ನೆಂಟರಿಗೆ ಬೇಕಾಗುವಷ್ಟು ತಟ್ಟೆಗಳನ್ನು ಮಾತ್ರ ತೆಗೆದು, ಉಳಿದುದನ್ನು ಹಾಗೆಯೇ ಕಟ್ಟಿಡಿರೆಂದು ಬರೆದಿದ್ದೇವೆ.